ವಿಳಂಬ ವ್ಯಾಕರಣ

ಶಾಸ್ತ್ರ ಬರೆಯಲು ಕೂತವರು ಮೊದಲು ವಿಘ್ನೇಶ್ವರನಿಗೆ ಕೈಮುಗಿಯುವುದು ವಾಡಿಕೆ, ಹಿಡಿದ ಕೆಲಸಕ್ಕೆ ತಡೆ ಬಾರದಿರಲಿ ಅಂತ. ಈ ಶಾಸ್ತ್ರದ ವಸ್ತುವೇ ತಡೆ. ಬೇಡಿಕೊಂಡು, ಆತ ಒಲಿದೇಬಿಟ್ಟರೆ ಬರೆಯಲು ಏನೂ ಉಳಿಯುವುದಿಲ್ಲ. ಆದಕಾರಣ ಮಂಗಳಾಚರಣೆಯ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ.

ಸರ್ಕಾರದ ನಿಧಾನದ ಬಗ್ಗೆ ರಾಜ್ಯಶಾಸ್ತ್ರದವರು ಬರೆದಿದ್ದಾರೆ, ಅರ್ಥಶಾಸ್ತ್ರದವರು ಬರೆದಿದ್ದಾರೆ, ದಿನಪತ್ರಿಕೆಯ ವಾಚಕರ ವಾಣಿಯವರಂತೂ ಬರೆದು ಬರೆದು ಕೈಸೋತಿದ್ದಾರೆ. ವೈಯಾಕರಣರು ಮಾತ್ರ ಇನ್ನೂ ಕೈಹಾಕಿಲ್ಲ. ಕಡತ ನಿಲ್ಲುವುದು ವಾಕ್ಯದ ಮೇಲೆ ಎಂಬುದನ್ನು ಗಮನಿಸಿದ್ದರೆ ಅವರೇ ಮೊದಲು ಬರೆಯಬೇಕಿತ್ತು. ‘ಪರಿಶೀಲಿಸಿ ಮಂಡಿಸಿ’ ಎಂದು ಬರೆದರೆ ಕಡತ ಕೆಳಗಿಳಿಯುತ್ತದೆ. ‘ನಿಯಮಾನುಸಾರ ಕ್ರಮ ಕೈಗೊಳ್ಳಿ’ ಎಂದರೆ ಅಡ್ಡಕ್ಕೆ ಹೋಗುತ್ತದೆ. ‘ಚರ್ಚಿಸಿ’ ಎಂಬ ಮೂರಕ್ಷರದ ಷರಾ ಬಿದ್ದರೆ ಮಾತ್ರ ಎತ್ತಲೂ ಹೋಗುವುದಿಲ್ಲ, ಏಕೆಂದರೆ ಯಾರು ಯಾರೊಡನೆ ಎಂದಿನೊಳಗೆ ಚರ್ಚಿಸಬೇಕು ಎಂಬುದು ಆ ಮೂರಕ್ಷರದಲ್ಲಿಲ್ಲ.

ಹೈಸ್ಕೂಲಿನಲ್ಲಿ ನಮ್ಮ ಕನ್ನಡ ಪಂಡಿತರು ಲೋಪ, ಆಗಮ, ಆದೇಶ ಎಂಬ ಮೂರು ಸಂಧಿಗಳನ್ನೂ, ಕೊನೆಗೆ ಪ್ರಕೃತಿಭಾವವನ್ನೂ ಬೆತ್ತದ ನೆರವಿನಿಂದ ತಲೆಗೆ ತುಂಬಿದ್ದರು. ಅವು ಎಲ್ಲಿ ಉಪಯೋಗಕ್ಕೆ ಬರುತ್ತವೆ ಎಂದು ಅವರು ಹೇಳಿರಲಿಲ್ಲ. ವಿಧಾನಸೌಧದ ಕಾರಿಡಾರಿನಲ್ಲಿ ಬರುತ್ತವೆ ಎಂದು ತಿಳಿಯಲು ನನಗೆ ಮೂವತ್ತು ವರ್ಷ ಹಿಡಿಯಿತು.

ಸಂಜ್ಞಾಪ್ರಕರಣ

ತಡ, ನಿಧಾನ, ಬಾಕಿ, ಪೆಂಡಿಂಗು, ವಿಳಂಬ: ಇವು ಒಂದೇ ಎಂದು ತಿಳಿಯುವವರು ಶಾಸ್ತ್ರಕ್ಕೆ ಅರ್ಹರಲ್ಲ. ಬಸ್ಸು ಬರುವುದು ತಡ. ಬಂದರೆ ತಡ ಮುಗಿಯಿತು. ನಿಧಾನ ಎನ್ನುವುದು ಗುಣ, ಅದನ್ನು ಪ್ರಧಾನ ಎಂದು ಗಾದೆಯವರೇ ಒಪ್ಪಿದ್ದಾರೆ. ಬಾಕಿ ಲೆಕ್ಕಪುಸ್ತಕಕ್ಕೆ ಸೇರಿದ್ದು, ಪೆಂಡಿಂಗು ಮೇಜಿಗೆ ಸೇರಿದ್ದು. ವಿಳಂಬದ ಲಕ್ಷಣ ಹೀಗೆ: ಆಗಬೇಕಾದ್ದು ಆಗದೆ, ಆಗುವುದಿಲ್ಲ ಎಂದೂ ಯಾರ ಬಾಯಲ್ಲೂ ಬಾರದೆ ಇರುವ ಅವಸ್ಥೆ. ಎರಡನೆಯ ಭಾಗವೇ ಮುಖ್ಯ. ‘ಆಗುವುದಿಲ್ಲ’ ಎಂದುಬಿಟ್ಟರೆ ಅದು ತೀರ್ಮಾನ. ಜನ ಕೋರ್ಟಿಗೆ ಹೋಗುತ್ತಾರೆ, ಇಲ್ಲವೇ ಬೇರೆ ದಾರಿ ನೋಡಿಕೊಳ್ಳುತ್ತಾರೆ. ‘ಆಗುತ್ತೆ, ನೋಡೋಣ’ ಎಂದರೆ ಎಲ್ಲಿಗೂ ಹೋಗಲಾರರು.

ವಿಳಂಬದ ಪ್ರಯೋಗ ಸದಾ ಕರ್ಮಣಿ. ಕನ್ನಡ ಮಾತಿಗೆ ಕರ್ಮಣಿ ಪ್ರಯೋಗ ಒಗ್ಗದ ಅಂಗಿ. ಯಾವ ಮನೆಯಲ್ಲೂ ‘ನನ್ನಿಂದ ಮುದ್ದೆ ತಿನ್ನಲಾಗುತ್ತಿದೆ’ ಎನ್ನುವುದಿಲ್ಲ. ಆದರೆ ಸರ್ಕಾರಿ ಪತ್ರದಲ್ಲಿ ‘ಪರಿಶೀಲಿಸಲಾಗುತ್ತಿದೆ’, ‘ಕ್ರಮ ವಹಿಸಲಾಗುವುದು’. ಯಾರಿಂದ? ಕರ್ತೃ ಎಲ್ಲಿ? ಅಲ್ಲಿಂದಲೇ ಮೊದಲನೆಯ ಸಂಧಿ ಶುರು.

ಲೋಪ

ಊರು, ಅಲ್ಲಿ ಎಂಬೆರಡು ಸೇರಿ ‘ಊರಲ್ಲಿ’ ಆಗುವಾಗ ನಡುವಿನ ಉಕಾರ ಸದ್ದಿಲ್ಲದೆ ಜಾರಿಕೊಳ್ಳುತ್ತದೆ. ಇದ್ದದ್ದು ಹೋಯಿತು ಎಂದು ಕೇಳುವವನಿಗೆ ಗೊತ್ತೇ ಆಗುವುದಿಲ್ಲ. ಇದೇ ಲೋಪವಿಳಂಬದ ಸೊಗಸು.

ಲೋಕಪಾಲ ಮಸೂದೆ ಮೊದಲ ಸಲ ಸಂಸತ್ತಿಗೆ ಬಂದದ್ದು 1968ರಲ್ಲಿ. ಕಾಯ್ದೆಯಾದದ್ದು 2013ರಲ್ಲಿ; 2014ರ ಜನವರಿಯಲ್ಲಿ ಜಾರಿಗೂ ಬಂತು. ಲೋಕಪಾಲರು ಬಂದದ್ದು 2019ರ ಮಾರ್ಚಿನಲ್ಲಿ. ನಡುವಿನ ಐದು ವರ್ಷ ದೇಶದಲ್ಲಿ ಲೋಕಪಾಲ ಕಾಯ್ದೆ ಇತ್ತು, ಲೋಕಪಾಲ ಇರಲಿಲ್ಲ. ನಮ್ಮ ಮೆಟ್ರೊದ ಹಳದಿ ಮಾರ್ಗದಲ್ಲೂ ಹೀಗೇ: ಕಂಬ ಇತ್ತು, ಹಳಿ ಇತ್ತು, ನಿಲ್ದಾಣಕ್ಕೆ ಬಣ್ಣ ಆಗಿತ್ತು, ರೈಲು ಇರಲಿಲ್ಲ. ಕೊನೆಗೆ 2025ರ ಆಗಸ್ಟ್ 10ರಂದು ಮೂರೇ ಮೂರು ರೈಲಿನೊಡನೆ ಉದ್ಘಾಟನೆಯಾಯಿತು. ಸಿಲ್ಕ್ ಬೋರ್ಡಿನ ಸಿಗ್ನಲಿನಲ್ಲಿ ನಿಂತು ತಲೆಯ ಮೇಲಿನ ಖಾಲಿ ಹಳಿಯನ್ನು ನೋಡುತ್ತಿದ್ದವರ ಪೆಟ್ರೋಲು ಯಾವ ಇಲಾಖೆಯ ಲೆಕ್ಕಕ್ಕೂ ಸೇರಿಲ್ಲ.

ಲೋಪಗಳಲ್ಲಿ ಶ್ರೇಷ್ಠವಾದದ್ದು ಚುನಾವಣಾಲೋಪ. ಬಿಬಿಎಂಪಿ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಿರಬೇಕು ಎನ್ನುತ್ತದೆ ಸಂವಿಧಾನ. ಆಗಲಿಲ್ಲ. ವಾರ್ಡುಗಳ ಸಂಖ್ಯೆ 198 ಇದ್ದದ್ದು 243 ಆಯಿತು, ಮತ್ತೆ 225 ಆಯಿತು. ಎಣಿಕೆ ಬದಲಾಯಿತೇ ಹೊರತು ಗೆದ್ದು ಕೂರುವವರು ಬರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯನ್ನೇ ಐದು ಹೋಳು ಮಾಡಲಾಯಿತು. ಐದು ವರ್ಷ ಒಂದು ಮಹಾನಗರ ಒಬ್ಬನೇ ಒಬ್ಬ ಕಾರ್ಪೊರೇಟರ್ ಇಲ್ಲದೆ ನಡೆದದ್ದನ್ನು ಎಷ್ಟು ಜನ ಗಮನಿಸಿದರು ಎಂಬುದೂ ಪ್ರಶ್ನೆಯೇ. ಗಮನಕ್ಕೆ ಬಾರದಿರುವುದೇ ಲೋಪದ ಲಕ್ಷಣ ಎಂದು ಮೊದಲೇ ಹೇಳಿದೆನಲ್ಲ. ಮೋರಿ ಕಟ್ಟಿದಾಗ ಫೋನು ಮಾಡಲು ನಂಬರು ಹುಡುಕಿದವರಿಗೆ ಮಾತ್ರ ಗೊತ್ತಾಯಿತು.

ಆಗಮ

ಇನ್ನು ಆಗಮ. ಮನೆ, ಇಂದ ಸೇರುವಾಗ ಇಬ್ಬರಿಗೂ ಸಂಬಂಧವಿಲ್ಲದ ಒಂದು ಯಕಾರ ಎಲ್ಲಿಂದಲೋ ಬಂದು ನಡುವೆ ಕೂರುತ್ತದೆ: ಮನೆಯಿಂದ. ವ್ಯಾಕರಣದಲ್ಲಿ ಆಗಮಾಕ್ಷರ ಎರಡೇ, ಯಕಾರ ಮತ್ತು ವಕಾರ. ಆಡಳಿತದಲ್ಲಿ ಲೆಕ್ಕವಿಲ್ಲ. ಸಮಿತಿ, ಉಪಸಮಿತಿ, ಸಂಪುಟ ಉಪಸಮಿತಿ, ತಜ್ಞರ ಅಭಿಪ್ರಾಯ, ಕಾನೂನು ಅಭಿಪ್ರಾಯ, ಡಿಪಿಆರ್, ಪರಿಷ್ಕೃತ ಡಿಪಿಆರ್, ಆರ್ಥಿಕ ಇಲಾಖೆಯ ಸಹಮತಿ, ಇವೆಲ್ಲ ಮುಗಿಯಿತು ಎನ್ನುವಷ್ಟರಲ್ಲಿ ನೀತಿ ಸಂಹಿತೆ.

ಆಗಮಕ್ಕೆ ಕಾವೇರಿಗಿಂತ ದೊಡ್ಡ ಉದಾಹರಣೆ ಬೇಡ. 1924ರ ಒಪ್ಪಂದದ ಐವತ್ತು ವರ್ಷ 1974ಕ್ಕೆ ತುಂಬಿತು. ಮುಂದೇನು ಎಂದು ತೀರ್ಮಾನಿಸುವವರು ಯಾರು? ನ್ಯಾಯಮಂಡಳಿ ಬಂದದ್ದು 1990ರ ಜೂನ್ 2ರಂದು. ಮಂಡಳಿಗೂ ತೀರ್ಪಿಗೂ ನಡುವೆ 1991ರ ಮಧ್ಯಂತರ ಆದೇಶ ಬಂದು ಕೂತಿತು. ಆ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರು ಹೊತ್ತಿ ಉರಿಯಿತು. ಅಂತಿಮ ತೀರ್ಪು 2007ರ ಫೆಬ್ರುವರಿ 5. ತೀರ್ಪಿಗೂ ಗೆಜೆಟ್ಟಿಗೂ ನಡುವೆ ಆರು ವರ್ಷ: ಅಧಿಸೂಚನೆ 2013ರ ಫೆಬ್ರುವರಿ 19. ಸುಪ್ರೀಂ ಕೋರ್ಟು ಕಡೆಯ ಮಾತು ಹೇಳಿ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಅಡಿ ಹೆಚ್ಚಿಗೆ ಕೊಟ್ಟದ್ದು 2018ರ ಫೆಬ್ರುವರಿ 16. ಪಂಚಾಂಗ ಬಲ್ಲವರು ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಆ ತೀರ್ಪು ಬಂದದ್ದು ಹೇವಿಳಂಬಿ ಸಂವತ್ಸರದಲ್ಲಿ. ಅದನ್ನು ಜಾರಿ ಮಾಡುವ ಪ್ರಾಧಿಕಾರ ಹುಟ್ಟಿದ್ದು ಮುಂದಿನ ಸಂವತ್ಸರದಲ್ಲಿ, ಅದರ ಹೆಸರು ವಿಳಂಬಿ. ಮಹದಾಯಿ ನ್ಯಾಯಮಂಡಳಿ 13.42 ಟಿಎಂಸಿ ಅಡಿಯ ತೀರ್ಪು ಕೊಟ್ಟದ್ದೂ ಅದೇ ವಿಳಂಬಿಯ ಆಗಸ್ಟಿನಲ್ಲಿ. ಜ್ಯೋತಿಷದಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ಇಷ್ಟನ್ನು ದಾಖಲಿಸದಿದ್ದರೆ ಶಾಸ್ತ್ರಕ್ಕೆ ಅಪಚಾರ.

ಮಹಿಳಾ ಮೀಸಲಾತಿ ಆಗಮದ ಇನ್ನೂ ಸೂಕ್ಷ್ಮ ಭೇದ. ದೇವೇಗೌಡರ ಸರ್ಕಾರ ಮಸೂದೆ ಮಂಡಿಸಿದ್ದು 1996ರ ಸೆಪ್ಟೆಂಬರಿನಲ್ಲಿ. ರಾಜ್ಯಸಭೆ 2010ರಲ್ಲಿ ಒಪ್ಪಿತು, ಲೋಕಸಭೆಗೆ ಬರಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಎರಡೂ ಸದನ ಹೆಚ್ಚುಕಡಿಮೆ ಒಕ್ಕೊರಲಿನಿಂದ ಪಾಸು ಮಾಡಿದವು, ಸಿಹಿ ಹಂಚಿಕೆಯೂ ಆಯಿತು. ಆಮೇಲೆ ಕಾಯ್ದೆ ಓದಿದರೆ ಒಳಗೆ ಎರಡು ಆಗಮಾಕ್ಷರ: ಮೊದಲು ಜನಗಣತಿ, ಅದಾದ ಬಳಿಕ ಕ್ಷೇತ್ರ ಮರುವಿಂಗಡಣೆ. ಹೊರಗಿನಿಂದ ಬಂದು ಕೂರುವ ಆಗಮ ಹಳೆಯದು. ಕಾನೂನಿನ ಹೊಟ್ಟೆಯಲ್ಲೇ ಹುಟ್ಟುವ ಈ ಆಗಮ ಹೊಸದು, ಇದಕ್ಕೆ ಗರ್ಭಾಗಮ ಎಂದು ಹೆಸರಿಟ್ಟಿದ್ದೇನೆ.

ಆಗಮವನ್ನು ತೆಗೆಯಲು ಹೊರಟವರೂ ಆಗಮವೇ ಆದದ್ದು ಇನ್ನೊಂದು ಕಥೆ, ಅದರಲ್ಲಿ ಇಬ್ಬರು ಕನ್ನಡಿಗರಿದ್ದಾರೆ. ಕೆಂಗಲ್ ಹನುಮಂತಯ್ಯನವರು ವಿಧಾನಸೌಧ ಕಟ್ಟಿಸಿದವರು. 1951ರ ಜುಲೈಯಲ್ಲಿ ನೆಹರೂ ಅಡಿಗಲ್ಲು ಇಟ್ಟರು, 1956ರ ಹೊತ್ತಿಗೆ ಕಟ್ಟಡ ನಿಂತಿತ್ತು. ಅಷ್ಟು ಬಿರುಸಿನ ಮನುಷ್ಯ ಎಂದೇ ಇರಬೇಕು, ಕೇಂದ್ರದ ಮೊದಲ ಆಡಳಿತ ಸುಧಾರಣಾ ಆಯೋಗಕ್ಕೆ ಮೊರಾರ್ಜಿಯವರ ನಂತರ ಅವರೇ ಅಧ್ಯಕ್ಷರಾದರು. ಆಯೋಗ 20 ವರದಿ ಕೊಟ್ಟಿತು, 537 ಶಿಫಾರಸು. ಅವು ಏನಾದವು ಎಂದು ಕೇಳಬೇಡಿ; 2005ರಲ್ಲಿ ಎರಡನೆಯ ಆಯೋಗ ಬೇಕಾಯಿತು ಎಂಬುದೇ ಉತ್ತರ. ಅದಕ್ಕೆ ಅಧ್ಯಕ್ಷರು ವೀರಪ್ಪ ಮೊಯಿಲಿ, ವರದಿ 15. ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿಸಿದ್ದನ್ನು ಹನುಮಂತಯ್ಯನವರು ಭಕ್ತಿಯಿಂದಲೇ ಮಾಡಿದ್ದರು. ಒಳಗಿದ್ದವರು ಅದನ್ನು ಅಕ್ಷರಶಃ ತೆಗೆದುಕೊಂಡರು. ದೇವರ ಕೆಲಸಕ್ಕೆ ಕಾಲಮಿತಿ ಹಾಕುವಷ್ಟು ಧೈರ್ಯ ಯಾರಿಗಿದೆ?

ಆದೇಶ

ಮಳೆ, ಕಾಲ ಸೇರಿದರೆ ಮಳೆಗಾಲ. ಕಕಾರ ಹೋಗಿ ಅದರ ಜಾಗಕ್ಕೆ ಗಕಾರ ಬಂತು. ಒಂದರ ಬದಲು ಇನ್ನೊಂದು ಬರುವುದನ್ನು ಹಳಬರು ‘ಆದೇಶ’ ಎಂದು ಕರೆದರು. ಸರ್ಕಾರ ಹೊರಡಿಸುವುದಕ್ಕೂ ಆದೇಶವೆಂದೇ ಹೆಸರು. ಇದು ಕಾಕತಾಳೀಯವೆಂದು ನಾನು ನಂಬುವುದಿಲ್ಲ.

ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಗೆ ಜಮೀನು ಬೇಕೆಂದು ಅಂತಿಮ ಅಧಿಸೂಚನೆ ಹೊರಟದ್ದು 2007ರಲ್ಲಿ. ರಸ್ತೆ ಬರಲಿಲ್ಲ. ಪರಿಹಾರ 1894ರ ಕಾಯ್ದೆಯ ಲೆಕ್ಕದಲ್ಲೋ 2013ರ ಕಾಯ್ದೆಯ ಲೆಕ್ಕದಲ್ಲೋ ಎಂಬ ಜಗಳ ನಡೆಯುತ್ತಿದ್ದಂತೆ ರಸ್ತೆಯ ಹೆಸರು ಬದಲಾಗಿ ‘ಬೆಂಗಳೂರು ಬಿಸಿನೆಸ್ ಕಾರಿಡಾರ್’ ಆಯಿತು. ಆ 73 ಕಿಲೋಮೀಟರ್ ಗೆರೆಯ ಕೆಳಗೆ ಸಿಕ್ಕವರು ಅಷ್ಟೂ ವರ್ಷ ಜಮೀನನ್ನು ಮಾರುವಂತಿಲ್ಲ, ಮನೆ ಕಟ್ಟುವಂತಿಲ್ಲ, ಅಡವಿಟ್ಟು ಸಾಲ ತರುವಂತಿಲ್ಲ. ಪಹಣಿಯಲ್ಲಿ ಹೆಸರು ಅವರದೇ.

ಜಾತಿ ಸಮೀಕ್ಷೆಯದು ಇನ್ನೂ ಚಂದ. ಮನೆಮನೆ ಎಣಿಕೆ ನಡೆದದ್ದು 2015ರಲ್ಲಿ. ವರದಿ ಸರ್ಕಾರದ ಕೈಸೇರಿದ್ದು 2024ರ ಫೆಬ್ರುವರಿ 29, ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಬರುವ ತಾರೀಕು. 2025ರ ಜೂನಿನಲ್ಲಿ ‘ಅಂಕಿಅಂಶ ಹಳೆಯದಾಯಿತು, ಹತ್ತು ವರ್ಷ ಕಳೆದಿದೆ, ಹೊಸದಾಗಿ ಎಣಿಸೋಣ’ ಎಂದಾಯಿತು. ಸೆಪ್ಟೆಂಬರಿನಲ್ಲಿ ಮೇಷ್ಟ್ರುಗಳು ಮತ್ತೆ ಬೀದಿಗಿಳಿದರು. ಹಳೆಯದಾಗಿದ್ದು ಯಾಕೆ? ತಡವಾದ್ದರಿಂದ. ಮತ್ತೆ ತಡವಾಗಿದ್ದು ಯಾಕೆ? ಹಳೆಯದಾದ್ದರಿಂದ. ವಿಳಂಬ ತಾನೇ ತನಗೆ ಕಾರಣವಾಗುವ ಈ ಸ್ಥಿತಿಯನ್ನು ನಾನು ಬೇರಾವ ಶಾಸ್ತ್ರದಲ್ಲೂ ಕಂಡಿಲ್ಲ.

ಹಳ್ಳಿಯವರಿಗೆ ಆದೇಶಸಂಧಿಯನ್ನು ಕಲಿಸಬೇಕಿಲ್ಲ. ಬಗರ್ ಹುಕುಂ ಸಾಗುವಳಿದಾರರನ್ನು ಕೇಳಿ: ಫಾರಂ 50, ಆಮೇಲೆ ಫಾರಂ 53, 2018ರಲ್ಲಿ ಫಾರಂ 57. ಉಳುತ್ತಿರುವ ತುಂಡು ನೆಲ ಅದೇ, ಫಾರಮ್ಮಿನ ನಂಬರು ಮಾತ್ರ ಏರುತ್ತದೆ. ಐವತ್ತರಲ್ಲಿ ಅಜ್ಜ ಹೆಬ್ಬೆಟ್ಟು ಒತ್ತಿದ್ದರೆ ಐವತ್ತೇಳಕ್ಕೆ ಮೊಮ್ಮಗ ಸಹಿ ಹಾಕಿದ್ದಾನೆ.

ಪ್ರಕೃತಿಭಾವ

ಸಂಧಿ ಆಗಬೇಕಾದ ಕಡೆ ಆಗದೆ ಪದಗಳು ಇದ್ದಲ್ಲೇ ಇರುವುದು ಪ್ರಕೃತಿಭಾವ. ಪಂಡಿತರು ಕೊಡುತ್ತಿದ್ದ ಉದಾಹರಣೆ ‘ಅಯ್ಯೋ ಇದೇನು’. ನೋವಿನ ಉದ್ಗಾರದ ಮುಂದೆ ಸಂಧಿ ನಡೆಯದು. ಕೋರ್ಟಿನ ಭಾಷೆಯಲ್ಲಿ ಇದಕ್ಕೆ ಯಥಾಸ್ಥಿತಿ ಎಂದು ಹೆಸರು.

ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರ ಮೇ 22. ಪ್ರಧಾನಿಯಾಗಲು ಅವರಿಗಿನ್ನೂ ಎರಡೂವರೆ ವಾರ ಇತ್ತು. ಈಗ ನೀರು ನಿಲ್ಲುವುದು 519.60 ಮೀಟರಿಗೆ. 524.256ಕ್ಕೆ ಏರಿಸಬಹುದು ಎಂದು ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲೇ ಹೇಳಿತು. ಗೆಜೆಟ್ ಅಧಿಸೂಚನೆಗೆ ಕೋರ್ಟಿನ ತಡೆ. ನಡುವಿನ ನಾಲ್ಕೂವರೆ ಮೀಟರು, ಹೆಚ್ಚುಕಡಿಮೆ ಒಂದು ಅಂತಸ್ತಿನ ಮನೆಗಿಂತ ತುಸು ಎತ್ತರ, ಗಾಳಿಯಲ್ಲೇ ನಿಂತಿದೆ. ಈ ಅಣೆಕಟ್ಟಿನ ಯೋಜನೆಯ ಮೂರನೆಯ ಹಂತಕ್ಕೆ 2012ರಲ್ಲಿ ಸುಮಾರು 17 ಸಾವಿರ ಕೋಟಿ ರೂಪಾಯಿ ಎಂದಿದ್ದದ್ದು, 2013ರ ಭೂಸ್ವಾಧೀನ ಕಾಯ್ದೆಯ ದರ ಸೇರಿ, 2017ರ ಹೊತ್ತಿಗೆ 51 ಸಾವಿರ ಕೋಟಿ ದಾಟಿತು.

ಕೋಟಿಗಳ ಮಾತು ಹಾಗಿರಲಿ. ಬಾಗಲಕೋಟೆ ಕಡೆ ‘ಮುಳುಗಡೆ’ ಎಂಬುದು ಊರಿಗಂಟಿದ ವಿಶೇಷಣ. ಅಂಥದೊಂದು ಊರಿನಲ್ಲಿ ನಾನೊಂದು ಮಧ್ಯಾಹ್ನ ಕಳೆದಿದ್ದೆ. ಮನೆಗಳಿಗೆ ಗಾರೆಯಿಲ್ಲ, ಸುಣ್ಣವಿಲ್ಲ. ಬಾಗಿಲು ಮುರಿದಲ್ಲಿ ತಗಡು ಬಡಿದಿದ್ದಾರೆ. ನಾಳೆ ನೀರು ಬರುವ ಗೋಡೆಗೆ ಇವತ್ತು ಯಾರು ದುಡ್ಡು ಹಾಕುತ್ತಾರೆ? ಶಾಲೆಯ ಕೋಣೆಗೂ ಅನುದಾನವಿಲ್ಲ, ಕಾರಣ ಅದೇ. ಮದುವೆಗೆ ಹೆಣ್ಣು ಕೇಳಲು ಹೋದರೆ ಊರಿನ ಹೆಸರು ಕೇಳಿ ಸುಮ್ಮನಾಗುತ್ತಾರಂತೆ. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ‘ನೀರು ಇನ್ನಾ ಬಂದಿಲ್ರೀ, ಊರು ಮಾತ್ರ ಮುಳುಗೇತಿ’ ಎಂದರು. ಪ್ರಕೃತಿಭಾವಕ್ಕೆ ಇದಕ್ಕಿಂತ ಚೊಕ್ಕ ವೃತ್ತಿಯನ್ನು ನಾನು ಬರೆಯಲಾರೆ.

ಪೂರ್ವಪಕ್ಷ

ಇಲ್ಲಿ ಪ್ರತಿವಾದಿ ಎದ್ದು ನಿಲ್ಲುತ್ತಾನೆ: ‘ಎಲ್ಲಾ ಈ ಚುನಾವಣೆ, ಕೋರ್ಟು, ಚಳವಳಿಗಳಿಂದ. ರಾಜರ ಕಾಲದಲ್ಲಿ ನೋಡಿ, ವಿಶ್ವೇಶ್ವರಯ್ಯನವರು ಕನ್ನಂಬಾಡಿ ಕಟ್ಟಲಿಲ್ಲವೇ?’ ಕಟ್ಟಿದರು. ಕೆಲಸ ಶುರುವಾದದ್ದು 1911. ಮದ್ರಾಸಿನವರು ತಕರಾರು ತೆಗೆದು, 1914ರಲ್ಲಿ ಪಂಚಾಯಿತಿ ಆಗಿ, ಅದೂ ಮುರಿದು, ಒಪ್ಪಂದವಾದದ್ದು 1924. ಅಣೆಕಟ್ಟು ಪೂರ್ತಿಯಾಗುವ ಹೊತ್ತಿಗೆ 1930ರ ದಶಕ ಕಾಲಿಟ್ಟಿತ್ತು, ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟು ದಶಕದ ಮೇಲಾಗಿತ್ತು. ಮೇಲೆ ಒಬ್ಬ ಮಹಾರಾಜ, ಅವರ ಮೇಲೆ ಒಬ್ಬ ಚಕ್ರವರ್ತಿ. ವಿಳಂಬಕ್ಕೆ ಮತಪೆಟ್ಟಿಗೆ ಬೇಕೇಬೇಕೆಂದಿಲ್ಲ.

ಬೇಗ ತೀರ್ಮಾನಿಸಿದ್ದನ್ನೂ ನೋಡಿದ್ದೇವೆ. 2016ರ ನವೆಂಬರ್ 8ರ ರಾತ್ರಿ ಎಂಟು ಗಂಟೆಗೆ ಹೇಳಿ ನಡುರಾತ್ರಿಗೆ ನೋಟು ರದ್ದು ಮಾಡಿದರು, ನಾಲ್ಕು ಗಂಟೆ ಸಾಕಾಯಿತು. ಆಮೇಲೆ ಕ್ಯೂ ನಿಂತವರು ಯಾರು ಎಂದು ಹೇಳಬೇಕಿಲ್ಲ. ಅದೇ ವರ್ಷ ಚಾಲುಕ್ಯ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟುತ್ತೇವೆಂದು ನಮ್ಮ ಸರ್ಕಾರ ಹೊರಟಾಗ ಊರವರು ಕೈಕೈ ಹಿಡಿದು ರಸ್ತೆಯುದ್ದಕ್ಕೂ ನಿಂತರು, ಮರಗಳು ಉಳಿದವು. 2017ರ ಮಾರ್ಚಿನಲ್ಲಿ ಯೋಜನೆ ಕೈಬಿಟ್ಟರು. ಉತ್ತರ ಕನ್ನಡದ ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ಅಲ್ಲಿನ ಅಡಕೆ ತೋಟದವರು ತಡೆದು ನಿಲ್ಲಿಸದಿದ್ದರೆ ಆ ಕಣಿವೆ ಇವತ್ತು ಹಿನ್ನೀರು. ಇವನ್ನು ನಾನು ವಿಳಂಬದಲ್ಲಿ ಸೇರಿಸುವುದಿಲ್ಲ. ಅಲ್ಲಿ ಜನ ಮಾತಾಡಿದರು, ಸರ್ಕಾರಕ್ಕೆ ಉತ್ತರ ಹೇಳಬೇಕಾಯಿತು, ಕೊನೆಗೆ ‘ಬೇಡ’ ಎಂಬ ತೀರ್ಮಾನ ಬಂತು. ಮಾತಾಡುತ್ತಾ ಹೊತ್ತಾದರೆ ಅದು ಸಭೆ. ನಾನು ವಿಂಗಡಿಸುತ್ತಿರುವುದು ಯಾರೂ ಮಾತಾಡದೆ ಹೊತ್ತಾಗುವ ಬಗೆಯನ್ನು. ಅದಕ್ಕೆ ಪ್ರಜಾಪ್ರಭುತ್ವದ ಹೆಸರು ಹೇಳಿ ತಪ್ಪಿಸಿಕೊಳ್ಳಲು ಬಿಡಬಾರದು.

ಅವ್ಯಯಪ್ರಕರಣ

ಲಿಂಗ, ವಚನ, ವಿಭಕ್ತಿಗಳಿಂದ ಬದಲಾಗದ ಪದ ಅವ್ಯಯ. ಶಬ್ದವನ್ನು ಬಿಡಿಸಿದರೆ ವ್ಯಯವಿಲ್ಲದ್ದು. ಸರ್ಕಾರಿ ಲೆಕ್ಕದಲ್ಲಿ ವಿಳಂಬವೂ ಅವ್ಯಯ: ಬಜೆಟ್ ಪುಸ್ತಕದ ಯಾವ ಲೆಕ್ಕಶೀರ್ಷಿಕೆಯಲ್ಲೂ ಅದಕ್ಕೆ ಖರ್ಚು ಬಿದ್ದದ್ದನ್ನು ಕಾಣಿಸುವುದಿಲ್ಲ. ಖರ್ಚು ಬೀಳುವುದು ಸಿಗ್ನಲಿನಲ್ಲಿ ನಿಂತವನ ಜೇಬಿಗೆ, ಸುಣ್ಣ ಕಾಣದ ಗೋಡೆಗೆ. ಅವನ ಸಹಿ ಕಡತದಲ್ಲಿಲ್ಲ.

ಇದಕ್ಕೆ ಒಂದು ಅಪವಾದವಿದೆ. ಕರ್ನಾಟಕ ಸರ್ಕಾರ ಜಾರಿಗೆ ತಂದ ಸಕಾಲ, 2011ರ ಕಾಯ್ದೆ. ಕೆಲಸ ಹೇಳಿದ ದಿನಕ್ಕೆ ಆಗದಿದ್ದರೆ ದಿನಕ್ಕೆ 20 ರೂಪಾಯಿ ಪರಿಹಾರ, ಅದೂ ಹೊಣೆಗಾರ ಅಧಿಕಾರಿಯಿಂದಲೇ. ವಿಳಂಬಕ್ಕೆ ಬೆಲೆ ಕಟ್ಟಿದ ಸರ್ಕಾರಕ್ಕೆ ನಮಸ್ಕಾರ ಮಾಡಬೇಕಾದ್ದೇ. ಆದರೆ ಪರಿಹಾರಕ್ಕೆ ಮಿತಿ 500 ರೂಪಾಯಿ. ಭಾಗಿಸಿ ನೋಡಿ, 25 ದಿನ. ಇಪ್ಪತ್ತಾರನೆಯ ದಿನದಿಂದ ವಿಳಂಬ ಮತ್ತೆ ಅವ್ಯಯ. ಸಕಾಲ ನೀರಿನ ವಿವಾದಕ್ಕೆ ಅನ್ವಯಿಸುವುದಿಲ್ಲ ನಿಜ, ಆದರೂ ಕಾವೇರಿ ನ್ಯಾಯಮಂಡಳಿ ಹುಟ್ಟಿದಂದಿನಿಂದ ಸುಪ್ರೀಂ ಕೋರ್ಟಿನ ತೀರ್ಪಿನವರೆಗೆ ಈ ದರ ಹಚ್ಚಿ ನೋಡಿದೆ: 10,121 ದಿನ, 2,02,420 ರೂಪಾಯಿ. ಮಿತಿಯ ಪ್ರಕಾರ ಕೈಗೆ ಬರುವುದು ಐನೂರು.

ನಮ್ಮಪ್ಪನಿಗೆ ಈ ಐನೂರೂ ಬರಲಿಲ್ಲ. ನಮ್ಮ ಎರಡೆಕರೆ ಹನ್ನೆರಡು ಗುಂಟೆಗೆ ಹದ್ದುಬಸ್ತು ಮಾಡಿಕೊಡಿ ಎಂದು ಅರ್ಜಿ ಹಾಕಿ, ಹದಿನೈದು ಅಂಕಿಯ ನಂಬರಿದ್ದ ರಸೀದಿಯನ್ನು ಹಳೆಯ ಪಂಚಾಂಗದೊಳಗೆ ಇಟ್ಟು, ಕ್ಯಾಲೆಂಡರಿನಲ್ಲಿ ಕಡೆಯ ದಿನಕ್ಕೆ ಸುತ್ತು ಹಾಕಿಕೊಂಡು ಕಾದರು. ಆ ದಿನ ಸಂಜೆ ಐದಕ್ಕೆ ಮೊಬೈಲಿಗೆ ಸಂದೇಶ ಬಂತು: ಮೂಲ ಟಿಪ್ಪಣಿ ಶಿಥಿಲ, ಅರ್ಜಿ ತಿರಸ್ಕರಿಸಲಾಗಿದೆ. ಕಾಲಮಿತಿಯೊಳಗೇ ವಿಲೇವಾರಿ. ಹೋಗಿ ಕೇಳಿದರೆ ಹೊಸದಾಗಿ ಹಾಕಿ ಎಂದರು; ಹೊಸ ನಂಬರು, ಹೊಸ ಕಡೆಯ ದಿನ. ಅದಕ್ಕೂ ಅಷ್ಟೇ ಚುರುಕಾಗಿ ಹಿಂಬರಹ ಬಂತು, ಈ ಸಲ ಪಕ್ಕದ ಖಾತೆದಾರರಿಗೆ ನೋಟಿಸು ತಲುಪಿಲ್ಲ ಅಂತ.

ಈಗ ಮೂರನೆಯ ನಂಬರು ನಡೆಯುತ್ತಿದೆ. ಪಂಚಾಂಗದೊಳಗೆ ಮೂರು ರಸೀದಿ. ಪಕ್ಕದ ಹೊಲದವರು ಈ ಮುಂಗಾರಿಗೆ ಬದುವಿನ ಗುಂಟ ತೊಗರಿ ಹಾಕಿದ್ದಾರೆ. ಅಪ್ಪ ದಿನಾ ಬೆಳಿಗ್ಗೆ ಹೋಗಿ ಎಣಿಸಿ ಬರುತ್ತಾರೆ; ಹೋದ ವರ್ಷಕ್ಕಿಂತ ನಮ್ಮ ಕಡೆಗೆ ಒಂದು ಸಾಲು ಹೆಚ್ಚಿದೆಯಂತೆ.